ಹಳೆ ಬ್ಯಾಂಜೊ ಕೈಗೆ ಬಂದಿದೆ, ಇದು ಯಾವುದು, ಎಲ್ಲಿಯದು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಗಿಟಾರ್, ಮ್ಯಾಂಡೊಲಿನ್ ರಿಪೇರಿ ಮಾಡುವ ನನ್ನ ಹತ್ತಿರ ಆಗಾಗ ಯಾರಾದರೂ ಒಂದು ಹಳೆ ಬ್ಯಾಂಜೊ ಹಿಡಿದುಕೊಂಡು ಬರುತ್ತಾರೆ. ಕೆಲವರು ಗುಜರಿಯಲ್ಲಿ ಕೊಂಡಿರುತ್ತಾರೆ. ಕೆಲವರಿಗೆ ತಾತನ ಅಟ್ಟದ ಮೇಲೆ ಸಿಕ್ಕಿರುತ್ತದೆ. ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಓದುವ ಮೊದಲು ಒಂದು ಮಾತು. ಅದನ್ನು ಇನ್ನೂ ಒರೆಸಬೇಡಿ, ಬಿಗಿ ಮಾಡಬೇಡಿ, ಪಾಲಿಶ್ ಹಾಕಿಸಬೇಡಿ. ಬ್ಯಾಂಜೊದ ಗುರುತು ಇರುವುದು ಅದರ ಹೊಟ್ಟೆಯೊಳಗೆ. ಅದು ಬಹಳ ಸುಲಭವಾಗಿ ಅಳಿಸಿಹೋಗುತ್ತದೆ.

ನನ್ನ ಹತ್ತಿರ ಇರುವುದು ನಿಜವಾಗಿ ಬ್ಯಾಂಜೋನಾ?

ಮೊದಲು ಇದನ್ನೇ ಇತ್ಯರ್ಥ ಮಾಡಿಕೊಳ್ಳಬೇಕು. ನಮ್ಮ ಕಡೆ ಬ್ಯಾಂಜೊ ಅನ್ನುವ ಒಂದೇ ಹೆಸರಿಗೆ ಎರಡು ಬೇರೆ ಬೇರೆ ವಾದ್ಯಗಳಿವೆ.

ಮದ್ದೂರು, ಪಾಂಡವಪುರ ಕಡೆಯಿಂದ ಯಾರಾದರೂ ಫೋನ್ ಮಾಡಿ "ಮನೇಲಿ ಒಂದು ಬ್ಯಾಂಜೊ ಇದೆ ಸರ್" ಅಂದರೆ, ಬಹಳ ಸಲ ಅದು ಉದ್ದನೆಯ ಮರದ ಪೆಟ್ಟಿಗೆ ಆಗಿರುತ್ತದೆ. ಮೇಲೆ ತಂತಿಗಳು, ಅವುಗಳ ಮೇಲೆ ಟೈಪ್‌ರೈಟರ್ ಥರ ಗುಂಡಿಗಳು. ಎಡಗೈಯಲ್ಲಿ ಗುಂಡಿ ಒತ್ತಿ, ಬಲಗೈಯಲ್ಲಿ ತಂತಿ ಮೀಟಬೇಕು. ಅದು ಬುಲ್ಬುಲ್ ತರಂಗ್. ಅದನ್ನು ಬ್ಯಾಂಜೊ ಅನ್ನುವುದು ತಪ್ಪೇನಲ್ಲ, ಭಾರತದಲ್ಲಿ ಅದಕ್ಕೆ ಆ ಹೆಸರು ಗಟ್ಟಿಯಾಗಿ ನಿಂತಿದೆ. ಆದರೆ ಅದರ ಮೂಲ ಹುಡುಕುವ ದಾರಿಯೇ ಬೇರೆ.

ಇನ್ನೊಂದು ಅಮೆರಿಕದ ಬ್ಯಾಂಜೊ. ನೋಡಲು ಖಂಜಿರಕ್ಕೆ ಗಿಟಾರಿನ ಕೊರಳು ಜೋಡಿಸಿದ ಹಾಗೆ. ದುಂಡನೆಯ ಬಳೆ, ಅದರ ಮೇಲೆ ಚರ್ಮ ಅಥವಾ ಪ್ಲಾಸ್ಟಿಕ್ ಹೊದಿಕೆ, ಸುತ್ತಲೂ ಕೊಕ್ಕೆ ಮತ್ತು ನಟ್ಟುಗಳು. ಇದರ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ. ಅಲ್ಲಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನ ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದಲ್ಲಿ ಸೋರೆ ಬುರುಡೆಗೆ ಚರ್ಮ ಹೊದಿಸಿ ಮಾಡಿಕೊಂಡ ವಾದ್ಯ ಇದು. ನಮ್ಮ ವೀಣೆಗೂ ಸೋರೆ ಬುರುಡೆ ಇರುತ್ತದೆ ಅಲ್ವಾ? ಹಾಗಾಗಿ ಈ ವಾದ್ಯ ನೋಡಿದಾಗಲೆಲ್ಲಾ ನನಗೆ ಪೂರ್ತಿ ಪರದೇಶದ್ದು ಅನ್ನಿಸುವುದಿಲ್ಲ.

ಮೈಸೂರಿನವರಿಗೆ ಗೊಂದಲ ಮಾಡುವ ಮೂರನೆಯದೊಂದಿದೆ. ಬೈಲಕುಪ್ಪೆಯ ಟಿಬೆಟನ್ನರ ಡ್ರಾನ್ಯೆನ್. ಅದಕ್ಕೂ ಹೊಟ್ಟೆಯ ಮೇಲೆ ಚರ್ಮ ಇರುತ್ತದೆ. ಆದರೆ ಕೊರಳಿನ ಮೇಲೆ ಮೆಟ್ಟಿಲು, ಅಂದರೆ ಫ್ರೆಟ್, ಇರುವುದಿಲ್ಲ. ಆರು ತಂತಿಗಳು ಜೋಡಿ ಜೋಡಿಯಾಗಿರುತ್ತವೆ. ಹೊಟ್ಟೆ, ಕೊರಳು ಎಲ್ಲಾ ಕೆತ್ತಿದ ಮರ. ಸುತ್ತಲೂ ನಟ್ಟು, ಕೊಕ್ಕೆ ಇಲ್ಲದಿದ್ದರೆ, ಕೊರಳಿನ ತುದಿ ಕೆತ್ತನೆಯಿಂದ ಬಾಗಿದ್ದರೆ, ಈ ಪುಟ ಬಿಟ್ಟು ಬೈಲಕುಪ್ಪೆಯ ಹಿರಿಯರನ್ನು ಕೇಳಿ. ಅವರಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಇಲ್ಲಿ ಯಾರೂ ಇಲ್ಲ.

ಗುಂಡಿ ಇರುವ ಬ್ಯಾಂಜೊ ಎಲ್ಲಿಂದ ಬಂತು? ಅದರಲ್ಲಿ ಏನು ನೋಡಬೇಕು?

ಅದರ ತಾಯಿ ಜಪಾನಿನ ತೈಶೊಗೊತೊ. 1912ರಲ್ಲಿ ನಗೋಯಾ ಊರಿನ ಮೊರಿತಾ ಗೊರೊ ಅದನ್ನು ಮಾಡಿದರು. ಅದೇ ವರ್ಷ ಜಪಾನಿನಲ್ಲಿ ತೈಶೊ ಚಕ್ರವರ್ತಿಯ ಕಾಲ ಶುರುವಾಯಿತು, ವಾದ್ಯಕ್ಕೂ ಅದೇ ಹೆಸರು ಬಂತು. ಅಲ್ಲಿಂದ ಭಾರತಕ್ಕೆ ಬಂದು ಬುಲ್ಬುಲ್ ತರಂಗ್ ಆಯಿತು. ಬಲೂಚಿಸ್ತಾನದಲ್ಲಿ ಇನ್ನೂ ಉದ್ದ ಬೆಳೆದು ಬೆಂಜು ಆಯಿತು.

ನೋಡಬೇಕಾದ್ದು ಗುಂಡಿಗಳ ಮೇಲಿನ ಬರಹ. ಜಪಾನಿನದಾದರೆ ಸಾಮಾನ್ಯವಾಗಿ 1, 2, 3 ಅಂತ ಅಂಕಿಗಳಿರುತ್ತವೆ, ಕೆಲವು ಅಂಕಿಗಳ ಮೇಲೆ ಅಥವಾ ಕೆಳಗೆ ಚುಕ್ಕೆ ಇರುತ್ತದೆ. ಪೆಟ್ಟಿಗೆ ತೆಳುವಾಗಿ, ನುಣುಪಾಗಿ ಇರುತ್ತದೆ. ಸುಜುಕಿ ಅಂತ ಹೆಸರಿದ್ದರೆ ಅದು ಜಪಾನಿನ ವಾದ್ಯ ಕಂಪನಿ. ನಮ್ಮ ದೇಶದಲ್ಲಿ ಮಾಡಿದ್ದರಲ್ಲಿ ಗುಂಡಿಯ ಮೇಲೆ ಸ್ವರದ ಹೆಸರನ್ನೋ ಇಂಗ್ಲಿಷ್ ಅಕ್ಷರವನ್ನೋ ಚೀಟಿಯಲ್ಲಿ ಅಂಟಿಸಿರುವುದು ಜಾಸ್ತಿ. ಬದಿಯಲ್ಲಿ ಶ್ರುತಿ ಹಿಡಿಯಲು ಒಂದಷ್ಟು ಬೇರೆ ತಂತಿಗಳೂ ಇರಬಹುದು. ಪೆಟ್ಟಿಗೆಯನ್ನು ಮಗುಚಿ, ತಳದಲ್ಲಿ ಅಂಗಡಿಯ ಚೀಟಿ ಇದೆಯಾ ನೋಡಿ. ಇವುಗಳಿಗೆ ಮಾಡೆಲ್ ನಂಬರ್ ಇರುವುದು ಅಪರೂಪ. ಆದ್ದರಿಂದ ಆ ಚೀಟಿಯೇ ನಿಮಗೆ ಸಿಗುವ ದೊಡ್ಡ ಸಾಕ್ಷಿ.

ಇಲ್ಲಿಂದ ಮುಂದೆ ಹೇಳುವುದೆಲ್ಲಾ ಚರ್ಮದ ಹೊದಿಕೆಯ ಬ್ಯಾಂಜೊ ಬಗ್ಗೆ.

ಎಷ್ಟು ತಂತಿ ಇದ್ದರೆ ಯಾವ ಬ್ಯಾಂಜೊ?

ತಂತಿ ಎಣಿಸಬೇಡಿ. ಅರ್ಧ ತಂತಿ ಹರಿದುಹೋಗಿರುತ್ತವೆ. ಬಿರಡೆ, ಅಂದರೆ ತಂತಿ ಸುತ್ತಿ ಬಿಗಿಮಾಡುವ ಕೀ, ಎಣಿಸಿ.

ಐದು ಬಿರಡೆ ಇದ್ದು, ಅದರಲ್ಲಿ ಒಂದು ಕೊರಳಿನ ಬದಿಯಲ್ಲಿ ಐದನೇ ಫ್ರೆಟ್ ಹತ್ತಿರ ಚಾಚಿಕೊಂಡಿದ್ದರೆ ಅದು ಐದು ತಂತಿಯ ಬ್ಯಾಂಜೊ. ಅಮೆರಿಕದ ಹಳ್ಳಿ ಸಂಗೀತದಲ್ಲಿ ಕೇಳುವುದು ಅದನ್ನೇ. ನಾಲ್ಕು ಬಿರಡೆ ಇದ್ದರೆ ಮೂರು ಸಾಧ್ಯತೆ: ಟೆನರ್, ಪ್ಲೆಕ್ಟ್ರಮ್ ಅಥವಾ ಪುಟ್ಟ ಯುಕುಲೇಲಿ ಬ್ಯಾಂಜೊ. ಎಂಟಿದ್ದರೆ ಮ್ಯಾಂಡೊಲಿನ್ ಬ್ಯಾಂಜೊ. ಆರಿದ್ದರೆ ಗಿಟಾರ್ ಬ್ಯಾಂಜೊ ಇರಬಹುದು, ಅಥವಾ ಇಂಗ್ಲೆಂಡಿನ ಝಿದರ್ ಬ್ಯಾಂಜೊ ಇರಬಹುದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಟೆನರ್, ಪ್ಲೆಕ್ಟ್ರಮ್ ಬೇರೆ ಮಾಡಲು ಅಳತೆ ಬೇಕು. ಇಲ್ಲಿ ಒಂದು ಎಚ್ಚರ. ಬ್ಯಾಂಜೊದ ಕುದುರೆಯನ್ನು, ಅಂದರೆ ಬ್ರಿಜ್ಜನ್ನು, ಅಂಟಿಸಿರುವುದಿಲ್ಲ. ತಂತಿಯ ಒತ್ತಡದಲ್ಲಿ ಸುಮ್ನೆ ನಿಂತಿರುತ್ತದೆ. ಹಳೆಯದರಲ್ಲಿ ಅದು ಎಲ್ಲೋ ಜಾರಿರುತ್ತದೆ, ಇಲ್ಲವೇ ಕಳೆದೇ ಹೋಗಿರುತ್ತದೆ. ಆದ್ದರಿಂದ ಕುದುರೆಯವರೆಗೆ ಅಳೆಯಬೇಡಿ. ಕೊರಳಿನ ತುದಿಯ ನಟ್ಟಿನಿಂದ, ಅಂದರೆ ತಂತಿ ಕೂರುವ ಪಟ್ಟಿಯಿಂದ, ಹನ್ನೆರಡನೇ ಫ್ರೆಟ್‌ವರೆಗೆ ಅಳೆದು ಎರಡರಷ್ಟು ಮಾಡಿ. ಅದೇ ತಂತಿಯ ನಿಜವಾದ ಉದ್ದ. 26 ಇಂಚಿನ ಆಸುಪಾಸು ಬಂದು 22 ಫ್ರೆಟ್ ಇದ್ದರೆ ಪ್ಲೆಕ್ಟ್ರಮ್. 21ರಿಂದ 23 ಇಂಚು ಬಂದು 17 ಅಥವಾ 19 ಫ್ರೆಟ್ ಇದ್ದರೆ ಟೆನರ್. 13, 14 ಇಂಚು ಬಂದರೆ ಯುಕುಲೇಲಿ ಬ್ಯಾಂಜೊ.

ಟೆನರ್ ಅಂತ ಗೊತ್ತಾದರೆ ಕಾಲದ ಒಂದು ಸುಳಿವೂ ಸಿಕ್ಕಿತು. ಜಾಜ್ ಸಂಗೀತ ಜೋರಾಗಿದ್ದ 1920ರ ದಶಕದಲ್ಲಿ ಟೆನರ್‌ಗೆ ವಿಪರೀತ ಬೇಡಿಕೆ ಇತ್ತು. 1929ರ ಆರ್ಥಿಕ ಕುಸಿತದ ನಂತರ ಅದು ಬಿದ್ದುಹೋಯಿತು, ಜನ ಗಿಟಾರ್ ಕಡೆ ಹೊರಳಿದರು. ತುಂಬಾ ಅಲಂಕಾರ ಇರುವ ಅಮೆರಿಕದ ಟೆನರ್ ಕೈಗೆ ಬಂದರೆ ಮೊದಲು ಆ ಹತ್ತು ವರ್ಷಗಳನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಕೊರಳಿನ ತುದಿಯಲ್ಲಿ ಬಿರಡೆಗಳಿರುವ ತಲೆಯ ಮೇಲೆ ಹೆಸರಿದೆ. ಮಾಡಿದವರು ಅವರೇ ಅಲ್ವಾ?

ಹೌದು ಅಂತ ಹೇಳಲು ಆಗುವುದಿಲ್ಲ. ಎಷ್ಟೋ ಜನ ಅಡ್ಡದಾರಿ ಹಿಡಿಯುವುದು ಇಲ್ಲೇ. ಹೆಸರು ಓದಿದ ಕೂಡಲೇ ಮೊಬೈಲಿನಲ್ಲಿ ಹುಡುಕಿ, ಅದೇ ಹೆಸರಿನ ದುಬಾರಿ ವಾದ್ಯದ ಫೋಟೊ ನೋಡಿ, ಮನೆಮಂದಿಗೆಲ್ಲಾ ಹೇಳಿಬಿಡುತ್ತಾರೆ. ಆಮೇಲೆ ನಿರಾಸೆ.

ವೇಗಾ ಹೆಸರನ್ನೇ ನೋಡಿ. ಬಾಸ್ಟನ್ನಿನ ವೇಗಾ ಕಂಪನಿ 1904ರಲ್ಲಿ ಫೇರ್‌ಬ್ಯಾಂಕ್ಸ್ ಕಂಪನಿಯನ್ನು ಕೊಂಡು ಬ್ಯಾಂಜೊ ಮಾಡಲು ಶುರು ಮಾಡಿತು. ವೈಟ್ ಲೇಡಿ, ಟ್ಯೂಬಾಫೋನ್ ಅನ್ನುವ ಅದರ ಮಾದರಿಗಳನ್ನು ಇಂದಿಗೂ ಜನ ಹುಡುಕಿ ಕೊಳ್ಳುತ್ತಾರೆ. 1970ರಲ್ಲಿ ಮಾರ್ಟಿನ್ ಗಿಟಾರ್ ಕಂಪನಿ ವೇಗಾವನ್ನು ಕೊಂಡಿತು. 1979ರಲ್ಲಿ ಹೆಸರು ಕೊರಿಯಾದ ಕಂಪನಿಗೆ ಹೋಯಿತು. 1989ರಲ್ಲಿ ಕ್ಯಾಲಿಫೋರ್ನಿಯಾದ ಡೀರಿಂಗ್ ಕೈಗೆ ಬಂತು. ಅಂದರೆ ವೇಗಾ ಅಂತ ಬರೆದ ಬ್ಯಾಂಜೊ ಬಾಸ್ಟನ್ನಿನದೂ ಇರಬಹುದು, ಕೊರಿಯಾದ್ದೂ ಇರಬಹುದು. ಎಪಿಫೋನ್ ಕಥೆಯೂ ಹಾಗೆಯೇ. ನ್ಯೂಯಾರ್ಕಿನಲ್ಲಿ ಹುಟ್ಟಿದ ಹೆಸರು, 1957ರಲ್ಲಿ ಅಮೆರಿಕದ್ದೇ ಇನ್ನೊಂದು ವಾದ್ಯ ಕಂಪನಿಯಾದ ಗಿಬ್ಸನ್‌ನ ಮಾಲೀಕರ ಕೈಗೆ ಹೋಗಿ, 1970ರ ದಶಕದಿಂದ ಏಷ್ಯಾದಲ್ಲಿ ತಯಾರಾದ ವಾದ್ಯಗಳ ಮೇಲೆ ಬಂತು.

ಇನ್ನು ಕೆಲವು ಹೆಸರುಗಳು ಬರೀ ಅಂಗಡಿಯ ಹೆಸರು. ಸಿಲ್ವರ್‌ಟೋನ್ ಅನ್ನುವುದು ಅಮೆರಿಕದ ಸಿಯರ್ಸ್ ಮಳಿಗೆಯ ಹೆಸರು, ಮಾಡಿಕೊಡುತ್ತಿದ್ದವರು ಹಾರ್ಮನಿ, ಕೇ ಥರದ ಶಿಕಾಗೋ ಕಾರ್ಖಾನೆಯವರು. ನಮ್ಮಲ್ಲಿ ಒಂದೇ ಮಿಲ್ಲಿನ ಸೀರೆಗೆ ಬೇರೆ ಬೇರೆ ಅಂಗಡಿಯ ಚೀಟಿ ಬೀಳುವ ಹಾಗೆ.

1970ರ ದಶಕದಲ್ಲಿ ಜಪಾನಿನಿಂದ ಗಿಬ್ಸನ್ ಕಂಪನಿಯ ಹೆಸರಾಂತ ಮಾದರಿಯಾದ ಮಾಸ್ಟರ್‌ಟೋನ್ ನಕಲುಗಳು ಬಹಳ ಬಂದವು. ಅವನ್ನು ಕೀಳಾಗಿ ನೋಡಬೇಡಿ. ಅವುಗಳಲ್ಲಿ ಒಳ್ಳೆಯ ಕೆಲಸ ಇರುವಂಥವು ನನ್ನ ಕೈಯಲ್ಲಿ ಹಾದು ಹೋಗಿವೆ. ಆದರೆ ಅದು ಗಿಬ್ಸನ್ ಅಲ್ಲ. ಅಸಲಿಯಲ್ಲಿ ಕೊರಳಿನ ಕೊನೆಯ ಫ್ರೆಟ್‌ಗಳ ಬಳಿ ಚಿಪ್ಪಿನ ಚೌಕದಲ್ಲಿ ಮಾಸ್ಟರ್‌ಟೋನ್ ಅಂತ ಕೆತ್ತಿರುತ್ತದೆ. ನಕಲಿನಲ್ಲಿ ಆ ಚೌಕ ಖಾಲಿ ಇರುವುದು ಅಥವಾ ಬೇರೆ ಹೆಸರಿರುವುದು ಸಾಮಾನ್ಯ. ಕೆತ್ತನೆ ಇದೆ ಅಂದ ಮಾತ್ರಕ್ಕೆ ಅಸಲಿ ಅಂತ ಆಗಲಿಲ್ಲ. ಒಳಗೂ ನೋಡಬೇಕು.

ಒಳಗೆ ನೋಡುವುದು ಹೇಗೆ?

ಬ್ಯಾಂಜೊ ಹಿಂದೆ ಮರದ ತಟ್ಟೆ ಇದೆಯಾ ನೋಡಿ. ಇಲ್ಲದಿದ್ದರೆ ಕೆಲಸ ಸುಲಭ, ಒಳಭಾಗ ನೇರವಾಗಿ ಕಾಣುತ್ತದೆ. ತಟ್ಟೆ ಇದ್ದರೆ ಅದನ್ನು ಬದಿಯಲ್ಲಿ ಕೈಯಿಂದ ತಿರುಗಿಸುವ ಸ್ಕ್ರೂಗಳು ಹಿಡಿದಿರುತ್ತವೆ, ಹೆಚ್ಚಾಗಿ ನಾಲ್ಕು. ಕೆಲವು ಹಳೆಯವುಗಳಲ್ಲಿ ಹಿಂದೆ ನಡುವೆ ಒಂದೇ ಸ್ಕ್ರೂ. ಅವನ್ನು ಬಿಚ್ಚಿದರೆ ತಟ್ಟೆ ಕೈಗೆ ಬರುತ್ತದೆ. ಚರ್ಮ ಹಿಡಿದಿರುವ ಕೊಕ್ಕೆಗಳನ್ನು ಮಾತ್ರ ಮುಟ್ಟಬೇಡಿ.

ಈಗ ನಡುವೆ ಕೊರಳಿನಿಂದ ಆಚೆ ಬದಿಗೆ ಹಾದುಹೋಗುವ ಒಂದು ಅಡ್ಡಕೋಲು ಕಾಣುತ್ತದೆ. ಅದು ಮರದ್ದಾ, ಲೋಹದ್ದಾ? ಮರದ ಕೋಲಾದರೆ ಹಳೆಯ ಪದ್ಧತಿ. ಹಳೆಯ ಕಂಪನಿಗಳು ತಮ್ಮ ಹೆಸರು, ನಂಬರನ್ನು ಒತ್ತುತ್ತಿದ್ದುದು ಆ ಕೋಲಿನ ಮೇಲೆಯೇ. ಫಿಲಡೆಲ್ಫಿಯಾದ ಎಸ್. ಎಸ್. ಸ್ಟುವರ್ಟ್, ಬಾಸ್ಟನ್ನಿನ ಫೇರ್‌ಬ್ಯಾಂಕ್ಸ್ ಮತ್ತು ವೇಗಾ ಎಲ್ಲಾ ಹೀಗೇ ಮಾಡುತ್ತಿದ್ದರು. ಲೋಹದ ಸರಳಾದರೆ ಅದು ಗಿಬ್ಸನ್ 1920ರ ದಶಕದಲ್ಲಿ ರೂಢಿಗೆ ತಂದ ಕ್ರಮ. ಮುಂದೆ ಎಷ್ಟೋ ಕಂಪನಿಗಳು ಅದನ್ನೇ ಹಿಡಿದವು.

ಮೊಬೈಲ್ ಟಾರ್ಚನ್ನು ನೇರವಾಗಿ ಬಿಡಬೇಡಿ. ಬದಿಯಿಂದ ಓರೆಯಾಗಿ ಹಿಡಿಯಿರಿ. ಮಾಸಿದ ಅಚ್ಚು ಆಗ ನೆರಳು ಬಿದ್ದು ಎದ್ದು ಕಾಣುತ್ತದೆ. ಬಳೆಯ ಒಳಮೈ, ಕೋಲಿನ ನಾಲ್ಕೂ ಮುಖ, ತಟ್ಟೆಯ ಒಳಗೆ, ಕೊರಳಿನ ಹಿಮ್ಮಡಿ, ಎಲ್ಲವನ್ನೂ ಫೋಟೊ ತೆಗೆಯಿರಿ. ಸೀಮೆಸುಣ್ಣದ ಗೀಟು ಕಂಡರೂ ಬಿಡಬೇಡಿ, ಅದು ಕಾರ್ಖಾನೆಯವರ ಕೈಬರಹ ಇರಬಹುದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮೊದಲ ಬ್ಯಾಂಜೊ ಮೈಸೂರಿನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ನಾಲ್ಕು ತಂತಿಯ ಟೆನರ್. ತಲೆಯ ಮೇಲಿನ ಹೆಸರನ್ನು ಯಾರೋ ಕೆರೆದು ಹಾಕಿದ್ದರು. ಒಳಗೆ ಕೋಲಿನ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದಿತ್ತು, ಜೊತೆಗೆ ಧೂಳು, ಜಿಡ್ಡು. ಮೊದಲು ಚೊಕ್ಕ ಮಾಡೋಣ, ಆಮೇಲೆ ನಿಧಾನವಾಗಿ ಓದೋಣ ಅಂದುಕೊಂಡೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಉಪ್ಪು ಕಾಗದ ಆಡಿಸಿದೆ. ಮರ ಚಿನ್ನದ ಹಾಗೆ ಹೊಳೆಯಿತು. ಬರಹ ಹೋಯಿತು. ಅದು ಟೆನರ್ ಅನ್ನುವುದು ಬಿಟ್ಟರೆ ಯಾರು ಮಾಡಿದ್ದು, ಯಾವ ವರ್ಷದ್ದು ಅಂತ ಇಂದಿಗೂ ಹೇಳಲಾರೆ. ಆ ವಾದ್ಯ ಈಗಲೂ ನನ್ನ ಗೋಡೆಯ ಮೇಲಿದೆ. ಅದನ್ನು ನೋಡಿದಾಗಲೆಲ್ಲಾ ಬೇಜಾರಾಗುತ್ತದೆ.

ನಂಬರ್ ಸಿಕ್ಕಿತು. ಅದರಿಂದ ಏನು ಗೊತ್ತಾಗುತ್ತದೆ?

ಮಾಡಿದವರು ಯಾರೆಂದು ಗೊತ್ತಿದ್ದರೆ ಮಾತ್ರ ನಂಬರಿಗೆ ಬೆಲೆ. 1925 ಅಂತ ಇದ್ದರೆ ಅದು ವರ್ಷ ಅಂತ ತಿಳಿಯಬೇಡಿ. ಒಂದು ಸಾವಿರದ ಒಂಬೈನೂರ ಇಪ್ಪತ್ತೈದನೇ ಬ್ಯಾಂಜೊ ಅಂತಲೂ ಇರಬಹುದು.

ಗಿಬ್ಸನ್ 1918ರಲ್ಲಿ ಮಿಷಿಗನ್ನಿನ ಕಲಮಜೂ ಊರಿನಲ್ಲಿ ಬ್ಯಾಂಜೊ ಮಾಡಲು ಶುರು ಮಾಡಿತು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಅದರ ವಾದ್ಯಗಳಲ್ಲಿ ಒಂದು ಅಂಕಿ, ನಡುವೆ ಗೀಟು, ಮತ್ತೊಂದು ಚಿಕ್ಕ ಅಂಕಿ ಕಾಣಬಹುದು. ಮೊದಲನೆಯದು ಒಟ್ಟಿಗೆ ತಯಾರಾದ ವಾದ್ಯಗಳ ಗುಂಪಿನ ಸಂಖ್ಯೆ, ಎರಡನೆಯದು ಆ ಗುಂಪಿನಲ್ಲಿ ಇದು ಎಷ್ಟನೆಯದು ಅನ್ನುವುದು. ಅದೇ ಸಂಖ್ಯೆ ಬಳೆಯ ಒಳಗೂ ತಟ್ಟೆಯ ಒಳಗೂ ಇದ್ದರೆ ಎರಡೂ ಒಟ್ಟಿಗೆ ಹುಟ್ಟಿದವು. ಬೇರೆ ಬೇರೆ ಇದ್ದರೆ ಯಾರೋ ನಡುವೆ ಜೋಡಿಸಿದ್ದಾರೆ.

ಗಿಬ್ಸನ್ ಮಾಡೆಲ್ ಹೆಸರಿನ ಮೊದಲ ಅಕ್ಷರಗಳು ವಾದ್ಯದ ಜಾತಿ ಹೇಳುತ್ತವೆ. ಆರ್‌ಬಿ ಅಂದರೆ ರೆಗ್ಯುಲರ್ ಬ್ಯಾಂಜೊ, ಐದು ತಂತಿಯದು. ಟಿಬಿ ಟೆನರ್, ಪಿಬಿ ಪ್ಲೆಕ್ಟ್ರಮ್, ಎಂಬಿ ಮ್ಯಾಂಡೊಲಿನ್ ಬ್ಯಾಂಜೊ, ಜಿಬಿ ಗಿಟಾರ್ ಬ್ಯಾಂಜೊ. ಅದರ ಮುಂದಿನ ಅಂಕಿ ದರ್ಜೆ.

ಲೋಹದ ಭಾಗಗಳ ಮೇಲೆ ಪೇಟೆಂಟ್ ಅಂತ ಒಂದು ತಾರೀಕು ಇರುತ್ತದೆ. ಅದು ಆ ಭಾಗಕ್ಕೆ ಪೇಟೆಂಟ್ ಸಿಕ್ಕ ದಿನ. ವಾದ್ಯ ಆ ದಿನಕ್ಕಿಂತ ಹಳೆಯದಲ್ಲ ಅಂತ ಮಾತ್ರ ಹೇಳಬಹುದು. ಹತ್ತಿಪ್ಪತ್ತು ವರ್ಷ ಈಚಿನದೂ ಆಗಿರಬಹುದು.

ಯಾವ ಹೆಸರೂ ಇಲ್ಲ, ನಂಬರೂ ಇಲ್ಲ. ಈಗ?

ಲೋಹ, ಸ್ಕ್ರೂ, ಬಿರಡೆ ನೋಡಿ. ಅವೂ ಮಾತಾಡುತ್ತವೆ.

ಒಂದು ಚಿಕ್ಕ ಅಯಸ್ಕಾಂತ ತೆಗೆದುಕೊಳ್ಳಿ. ಹೊಳೆಯುವ ಭಾಗಗಳಿಗೆಲ್ಲಾ ತಾಗಿಸಿ. ಹಿತ್ತಾಳೆಗೆ ನಿಕ್ಕಲ್ ಲೇಪಿಸಿದ್ದರೆ ಹಿಡಿಯುವುದಿಲ್ಲ ಅಥವಾ ತುಂಬಾ ಮೆಲ್ಲಗೆ ಹಿಡಿಯುತ್ತದೆ. ಉಕ್ಕಾದರೆ ಗಪ್ಪನೆ ಹಿಡಿಯುತ್ತದೆ. ಇನ್ನು ಬಳೆಯೇ ಇಡಿಯಾಗಿ ಎರಕದ ಅಲ್ಯೂಮಿನಿಯಂ ಆಗಿದ್ದರೆ? ಅಯಸ್ಕಾಂತ ಹಿಡಿಯುವುದಿಲ್ಲ, ತೂಕ ಕಡಿಮೆ, ಅಂಚು ಸೋಡಾ ಬಾಟಲಿಯ ಮುಚ್ಚಳದ ಥರ ನೆರಿಗೆ ನೆರಿಗೆ. ಇದು 1970ರ ದಶಕದಿಂದ ಈಚೆಗೆ ಏಷ್ಯಾದಲ್ಲಿ ತಯಾರಾದ ಕಡಿಮೆ ಬೆಲೆಯ ಬ್ಯಾಂಜೊಗಳ ಗುರುತು. ಮೊದಲು ಜಪಾನ್, ಆಮೇಲೆ ಕೊರಿಯಾ, ಚೀನಾ. ಕಲಿಯಲು ಅದು ಸಾಕು. ಬಳೆಯೂ ತಟ್ಟೆಯೂ ಹಳೆ ರೇಡಿಯೊದ ಹಾಗೆ ಕಂದು ಬೇಕಲೈಟ್ ಆಗಿದ್ದರೆ ಶಿಕಾಗೋದ ಹಾರ್ಮನಿಯನ್ನು ನೆನೆಯಿರಿ.

ಸ್ಕ್ರೂ ತಲೆಯಲ್ಲಿ ಒಂದೇ ಗೀಟಾ, ಸ್ಟಾರಾ? ಸ್ಟಾರ್ ಸ್ಕ್ರೂ, ಅಂದರೆ ಫಿಲಿಪ್ಸ್, ಬಳಕೆಗೆ ಬಂದದ್ದು 1930ರ ದಶಕದ ಕೊನೆಗೆ. ಅಸಲಿ ಸ್ಕ್ರೂಗಳೇ ಸ್ಟಾರ್ ಆಗಿದ್ದರೆ ವಾದ್ಯ ಅದಕ್ಕಿಂತ ಈಚಿನದು. ಆದರೆ ಒಂದೆರಡನ್ನು ರಿಪೇರಿಯವರು ಬದಲಿಸಿರಬಹುದು. ಎಲ್ಲವನ್ನೂ ನೋಡಿ ಹೇಳಿ.

ಹೊದಿಕೆ ಪ್ಲಾಸ್ಟಿಕ್ಕಾ, ಚರ್ಮವಾ? ಪ್ಲಾಸ್ಟಿಕ್ ಹೊದಿಕೆಗಳು ಹರಡಿದ್ದು 1950ರ ದಶಕದ ಕೊನೆಯಿಂದ. ಇದನ್ನು ನೆಚ್ಚಿಕೊಂಡು ವಯಸ್ಸು ಹೇಳಬೇಡಿ. ಮೃದಂಗದ ಮುಚ್ಚಿಗೆ ಬದಲಿಸುವ ಹಾಗೆ ಇದನ್ನೂ ಬದಲಿಸುತ್ತಲೇ ಇರುತ್ತಾರೆ.

ಇನ್ನೊಂದು, ದೇಶದ ಅಚ್ಚು. ಅಮೆರಿಕದ 1890ರ ಸುಂಕದ ಕಾಯ್ದೆ ಬಂದಮೇಲೆ ಹೊರಗಿನಿಂದ ಅಲ್ಲಿಗೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಇರಬೇಕಾಯಿತು. ಜಪಾನಿನ ಮಾಲಿನ ಮೇಲೆ ಮೊದಲು ನಿಪ್ಪಾನ್ ಅಂತ ಇರುತ್ತಿತ್ತು, 1921ರಿಂದ ಜಪಾನ್ ಅಂತಲೇ ಬರೆಯಬೇಕು ಅಂತ ಆಯಿತು. ಆಕ್ಯುಪೈಡ್ ಜಪಾನ್ ಅಂತ ಕಂಡರೆ ಅದು ಯುದ್ಧದ ನಂತರದ್ದು, 1952ರೊಳಗಿನದು.

ಇಂಗ್ಲೆಂಡಿನದು ಅಂತ ಹೇಗೆ ಗೊತ್ತಾಗುತ್ತದೆ?

ನಮ್ಮ ಕಡೆಯ ಹಳೆ ಮನೆಗಳಲ್ಲಿ ಇಂಗ್ಲೆಂಡಿನ ಬ್ಯಾಂಜೊ ಸಿಗುವುದು ಆಶ್ಚರ್ಯವಲ್ಲ. ಆ ಕಾಲದಲ್ಲಿ ಇಲ್ಲಿಗೆ ಹಡಗಿನಲ್ಲಿ ಬರುತ್ತಿದ್ದ ಸಾಮಾನು ಹೆಚ್ಚಾಗಿ ಅಲ್ಲಿಯದೇ. ಲಂಡನ್ನಿನ ಕ್ಲಿಫರ್ಡ್ ಎಸೆಕ್ಸ್, ಜಾನ್ ಗ್ರೇ, ಬಾರ್ನ್ಸ್ ಅಂಡ್ ಮುಲ್ಲಿನ್ಸ್, ಬರ್ಮಿಂಗ್‌ಹ್ಯಾಮ್‌ನ ವಿಂಡ್ಸರ್, ಇವು ಆಗಿನ ದೊಡ್ಡ ಹೆಸರುಗಳು. ಪುಟ್ಟ ಯುಕುಲೇಲಿ ಬ್ಯಾಂಜೊದಲ್ಲಿ ಕೀಚ್ ಹೆಸರೂ ಕಾಣಬಹುದು.

ಇಂಗ್ಲೆಂಡಿನದೇ ಒಂದು ವಿಶೇಷ ಜಾತಿ ಝಿದರ್ ಬ್ಯಾಂಜೊ. ಇದನ್ನು ನೋಡಿ ಜನ ಗಿಟಾರ್ ಬ್ಯಾಂಜೊ ಅಂತ ತಿಳಿಯುತ್ತಾರೆ. ತಲೆ ಗಿಟಾರಿನ ಥರ, ಬದಿಗೆ ಮೂರರಂತೆ ಆರು ಕೀ. ಆದರೆ ತಂತಿ ಐದೇ! ಆಗ ಗಿಟಾರಿನ ಕೀಗಳು ಮೂರರ ಜೋಡಿಯಲ್ಲಿ ಸಿಗುತ್ತಿದ್ದವು, ಹಾಗಾಗಿ ಒಂದು ಕೀಗೆ ಕೆಲಸವೇ ಇಲ್ಲ. ಐದನೆಯ ತಂತಿ ಕೊರಳಿನ ಒಳಗೆ ಸುರಂಗದಲ್ಲಿ ಹಾದು ಐದನೇ ಫ್ರೆಟ್ ಹತ್ತಿರ ಹೊರಗೆ ಬರುತ್ತದೆ. ಹಿಂಭಾಗ ಮುಚ್ಚಿರುತ್ತದೆ. ಶ್ರೀರಂಗಪಟ್ಟಣದ ಒಬ್ಬರು ಇಂಥದ್ದನ್ನು ತಂದು, "ಒಂದು ತಂತಿ ಕಮ್ಮಿ ಇದೆ, ಹಾಕಿಕೊಡಿ" ಅಂದಿದ್ದರು. ಸುರಂಗದ ತೂತು ತೋರಿಸಿದಾಗ ಅವರ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ.

ಅರಮನೆಯಿಂದ ಬಂದದ್ದು ಅಂತ ಮಾರಿದವರು ಹೇಳಿದರು. ನಂಬಬಹುದಾ?

ಮೈಸೂರಿನಲ್ಲಿ ಹಳೆ ಸಾಮಾನಿಗೆಲ್ಲಾ ಈ ಮಾತು ಅಂಟಿಕೊಂಡು ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದ ಇದ್ದದ್ದು ನಿಜ. ಜರ್ಮನಿಯ ಆಟೊ ಸ್ಮಿತ್ ಅದನ್ನು ನಡೆಸುತ್ತಿದ್ದರು. ಆದರೆ ಅಂಥ ವಾದ್ಯವೃಂದದಲ್ಲಿ ಪಿಟೀಲು, ಕೊಳಲು, ತುತ್ತೂರಿಗಳ ಜಾತಿ ಇರುತ್ತದೆ. ಬ್ಯಾಂಜೊಗೆ ಅಲ್ಲಿ ಸಾಮಾನ್ಯವಾಗಿ ಜಾಗ ಇಲ್ಲ. ಕಾಗದ, ರಸೀದಿ, ಹಳೆಯ ಫೋಟೊ ಏನಾದರೂ ಜೊತೆಗಿದ್ದರೆ ನೋಡೋಣ. ಗಂಡಭೇರುಂಡದ ಗುರುತು ಒತ್ತಿರುವುದೊಂದೇ ಸಾಲದು, ಅದನ್ನು ಯಾರು ಯಾವಾಗ ಬೇಕಾದರೂ ಒತ್ತಬಹುದು. ಆ ಕಥೆಗೆ ಅಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ವಿದೇಶಿಯರಿಂದ ಕೊಂಡೆ. ಅದು ಯಾವುದು?

ಇದು ಎಲ್ಲಕ್ಕಿಂತ ಸುಲಭದ ಪ್ರಶ್ನೆ. ಅವರು ಊರಿಗೆ ಹೊರಡುವಾಗ ಸೈಕಲ್, ಗಿಟಾರ್ ಮಾರಿ ಹೋಗುತ್ತಾರೆ, ಅಪರೂಪಕ್ಕೆ ಬ್ಯಾಂಜೊ ಕೂಡ. ಅಂಥವು ಹೆಚ್ಚಾಗಿ ಈಚಿನವು, ಹೆಸರೂ ನಂಬರೂ ಸ್ಪಷ್ಟ ಇರುತ್ತವೆ. ತಿಳಿ ಬಣ್ಣದ ಮೇಪಲ್ ಮರ, ಗುಡ್‌ಟೈಮ್ ಅಂತ ಹೆಸರು ಇದ್ದರೆ ಅದು ಡೀರಿಂಗ್ ಕಂಪನಿಯದು. 1975ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾದ ಕಂಪನಿ. ಗೋಲ್ಡ್ ಟೋನ್ ಅಂತ ಇದ್ದರೆ ಫ್ಲಾರಿಡಾದ ಕಂಪನಿ, ಆದರೆ ಅವರ ಅನೇಕ ಮಾದರಿಗಳು ತಯಾರಾಗುವುದು ಏಷ್ಯಾದಲ್ಲಿ. ನಂಬರಿನ ಫೋಟೊ ತೆಗೆದು ಕಂಪನಿಗೇ ಬರೆದು ಕೇಳಿ. ಮಾರುವವರು ಇನ್ನೂ ಊರಲ್ಲಿದ್ದರೆ ಬಿಲ್ಲು, ಪೆಟ್ಟಿಗೆ ಎರಡನ್ನೂ ಕೇಳಿ ಪಡೆಯಿರಿ.

ಕೊರಳು ಬೀಟೆ ಮರದ್ದಾ? ಬಿಳಿ ಭಾಗ ದಂತವಾ?

ಕಪ್ಪಗೆ ಇರುವುದೆಲ್ಲಾ ಬೀಟೆಯಲ್ಲ. ಬ್ಯಾಂಜೊ ಕೊರಳಿಗೆ ಮೇಪಲ್, ಮಹಾಗನಿ, ವಾಲ್ನಟ್ ಬಳಸುವುದು ಹೆಚ್ಚು. ಬೆರಳಿಡುವ ಪಟ್ಟಿ ಬೀಟೆಯೋ ಕರಿಮರವೋ ಇರಬಹುದು, ಬಣ್ಣ ಹಚ್ಚಿದ ಅಗ್ಗದ ಮರವೂ ಇರಬಹುದು. ಇಲ್ಲಿ ನಾವು ಪುಣ್ಯವಂತರು. ಮಂಡಿ ಮೊಹಲ್ಲಾದ ಇನ್‌ಲೇ ಕೆಲಸದವರಿಗೆ ಒಮ್ಮೆ ತೋರಿಸಿ. ದಿನಾ ಬೀಟೆ ಕೊರೆದು ಬೇರೆ ಮರ ಕೂರಿಸುವ ಕೈಗಳು ಅವು.

ಚುಕ್ಕೆ, ಹೂವುಗಳ ಅಲಂಕಾರ ನಿಜವಾದ ಚಿಪ್ಪಾದರೆ ವಾಲಿಸಿದಾಗ ಬಣ್ಣ ಓಡಾಡುತ್ತದೆ, ಒಂದು ತುಂಡಿನ ಹಾಗೆ ಇನ್ನೊಂದು ಇರುವುದಿಲ್ಲ. ಪ್ಲಾಸ್ಟಿಕ್ಕಾದರೆ ಎಲ್ಲಾ ಒಂದೇ ಥರ. ಪ್ಲಾಸ್ಟಿಕ್ ಇದೆ ಅಂತ ಹೊಸದು ಅಂದುಕೊಳ್ಳಬೇಡಿ. 1920ರ ದಶಕದಲ್ಲೇ ಮುತ್ತಿನ ಬಣ್ಣದ ಹಾಳೆ ಅಂಟಿಸುವ ಫ್ಯಾಷನ್ ಇತ್ತು.

ದಂತದ ಹಾಗೆ ಕಾಣುವ ಅಂಚುಪಟ್ಟಿ, ಬಿರಡೆಯ ಗುಂಡಿಗಳು ಹಳೆಯದರಲ್ಲಿ ಬಹುತೇಕ ಸೆಲ್ಯುಲಾಯ್ಡ್ ಅನ್ನುವ ಹಳೆ ಕಾಲದ ಪ್ಲಾಸ್ಟಿಕ್. ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ ಮೂಸಿ ನೋಡಿ. ಮೆಲ್ಲಗೆ ಕರ್ಪೂರದ ವಾಸನೆ ಬರುತ್ತದೆ. ಅದನ್ನು ಮಾಡುವುದೇ ಕರ್ಪೂರ ಬೆರೆಸಿ. ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಸೆಲ್ಯುಲಾಯ್ಡ್ ಕರ್ಪೂರದಷ್ಟೇ ಬೇಗ ಹತ್ತಿಕೊಳ್ಳುತ್ತದೆ. ಒಂದು ವೇಳೆ ನಿಜವಾದ ದಂತವೇ ಆಗಿದ್ದರೆ ಮಾರಲು ಹೋಗಬೇಡಿ. ನಮ್ಮ ದೇಶದಲ್ಲಿ ದಂತದ ವ್ಯಾಪಾರಕ್ಕೆ ನಿಷೇಧ ಇದೆ.

ಎಲ್ಲಾ ಭಾಗಗಳೂ ಅಸಲಿಯೇ ಅಂತ ಹೇಗೆ ತಿಳಿಯುವುದು?

ಕೊರಳಿನ ಹಿಂಭಾಗದ ಬಣ್ಣವನ್ನೂ ತಟ್ಟೆಯ ಬಣ್ಣವನ್ನೂ ಬಿಸಿಲಿನಲ್ಲಿ ಪಕ್ಕ ಪಕ್ಕ ನೋಡಿ. ಒಂದೇ ಮರ, ಒಂದೇ ಹೊಳಪು, ಒಂದೇ ಸವೆತ ಇರಬೇಕು. ಹಳೆಯ ಗಿಬ್ಸನ್ ಟೆನರ್‌ಗಳಿಗೆ ಹೊಸ ಐದು ತಂತಿಯ ಕೊರಳು ಹಾಕುವುದು ಅಮೆರಿಕದಲ್ಲಿ ದೊಡ್ಡ ಪದ್ಧತಿ. ಕೇಳಲು ಚೆನ್ನಾಗಿರುತ್ತದೆ, ಮೋಸವೂ ಅಲ್ಲ. ಹೇಳದೆ ಮಾರಿದರೆ ಮಾತ್ರ ಮೋಸ. ಕೊರಳು ಬಳೆಗೆ ಸೇರುವ ಜಾಗದಲ್ಲಿ ಸಂದಿ ಇದ್ದರೆ, ಮರದ ಚೂರು ತುರುಕಿದ್ದರೆ, ಅಲ್ಲಿ ಯಾರದೋ ಕೈ ಆಡಿದೆ.

ಬೆಲೆ ಎಷ್ಟು ಬರುತ್ತದೆ?

ಫೋಟೊ ನೋಡಿ ಬೆಲೆ ಹೇಳುವವರನ್ನು ನಂಬಬೇಡಿ, ನಾನೂ ಹೇಳುವುದಿಲ್ಲ. ಕೊರಳು ನೆಟ್ಟಗಿದೆಯಾ, ಬಳೆ ದುಂಡಗಿದೆಯಾ ಅನ್ನುವುದು ಕೈಯಲ್ಲಿ ಹಿಡಿದು ನೋಡದೆ ಗೊತ್ತಾಗುವುದಿಲ್ಲ.

ಚರ್ಮ ಸಡಿಲ ಆಗಿದೆ. ಬಿಗಿ ಮಾಡಿಸಲಾ?

ಮಳೆಗಾಲದಲ್ಲಿ ಕೇಳುತ್ತಿದ್ದೀರಾದರೆ ಸ್ವಲ್ಪ ತಾಳಿ. ಕರುವಿನ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ಬೇಸಿಗೆಯಲ್ಲಿ ತಾನೇ ಬಿಗಿಯುತ್ತದೆ. ಜುಲೈನಲ್ಲಿ ಬಿಗಿ ಮಾಡಿಸಿದ ಚರ್ಮ ಮಾರ್ಚ್ ಬಿಸಿಲಿಗೆ ಸೀಳಿ ಹೋದದ್ದನ್ನು ನೋಡಿದ್ದೇನೆ. ಮಾಡಲೇಬೇಕಾದರೆ ಕಾರಿನ ಚಕ್ರದ ನಟ್ಟು ಬಿಗಿಯುವ ಹಾಗೆ ಎದುರುಬದುರು, ಒಂದೊಂದಕ್ಕೂ ಕಾಲು ಸುತ್ತು ಮಾತ್ರ. ತಬಲಾ, ಮೃದಂಗ ಮಾಡುವವರಿಗೆ ಚರ್ಮದ ಗುಣ ಚೆನ್ನಾಗಿ ಗೊತ್ತು, ಅವರ ಸಲಹೆ ಕೇಳಿ. ಆದರೆ ಒಳಗಿನ ಫೋಟೊ ತೆಗೆದುಕೊಂಡ ಮೇಲೆ.

ಯಾವುದು ಅಂತ ಗೊತ್ತಾಯಿತು. ಈಗ ಯಾವ ತಂತಿ ಹಾಕಲಿ?

ಇಷ್ಟೆಲ್ಲಾ ಪತ್ತೆ ಮಾಡಿದ್ದು ಈ ಪ್ರಶ್ನೆಗೆ ಬಹಳ ಮುಖ್ಯ. ಹತ್ತೊಂಬತ್ತನೇ ಶತಮಾನದ ಬ್ಯಾಂಜೊಗಳನ್ನು ಮಾಡಿದ್ದು ಕರುಳಿನ ತಂತಿಗೆ. ಕೊರಳಿನ ಒಳಗೆ ಕಬ್ಬಿಣದ ಸರಳು ಇಲ್ಲ. ಅದಕ್ಕೆ ಉಕ್ಕಿನ ತಂತಿ ಬಿಗಿದರೆ ಕೊರಳು ಬಿಲ್ಲಿನ ಹಾಗೆ ಬಾಗುತ್ತದೆ. ಅಂಥದ್ದಕ್ಕೆ ನೈಲಾನ್ ತಂತಿ ಹಾಕಿ. ಝಿದರ್ ಬ್ಯಾಂಜೊಗೆ ಉಕ್ಕು, ಕರುಳು ಎರಡೂ ಬೆರೆಸಿ ಹಾಕುತ್ತಿದ್ದರು.

ಈಚಿನ ಐದು ತಂತಿಯ ಬ್ಯಾಂಜೊ ಆದರೆ ತೆಳು ಉಕ್ಕಿನ ತಂತಿ. ಮೊದಲನೆಯದು ಇಂಚಿನ ಸಾವಿರದಲ್ಲಿ 10 ಭಾಗ ದಪ್ಪ, ಎರಡನೆಯದು 11 ಅಥವಾ 12, ಮೂರನೆಯದು 13, ನಾಲ್ಕನೆಯದು ಸುತ್ತಿದ ತಂತಿ 20ರಿಂದ 22, ಐದನೆಯದು ಮತ್ತೆ 9 ಅಥವಾ 10. ಬ್ಯಾಂಜೊ ತಂತಿಯ ತುದಿಯಲ್ಲಿ ಕುಣಿಕೆ ಇರುತ್ತದೆ, ಗಿಟಾರ್ ತಂತಿಯ ತುದಿಯಲ್ಲಿ ಪುಟ್ಟ ಗುಂಡು. ಬ್ಯಾಂಜೊ ಸೆಟ್ ಸಿಗದಿದ್ದರೆ ಬಿಡಿ ಗಿಟಾರ್ ತಂತಿ ಕೊಂಡು, ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಆ ಗುಂಡನ್ನು ಹೊರಗೆ ತೆಗೆಯಿರಿ. ಉಳಿಯುವುದೇ ಕುಣಿಕೆ. ಕಟ್ಟಿದ ದಿನವೇ ಪೂರ್ತಿ ಶ್ರುತಿಗೆ ಏರಿಸಬೇಡಿ. ಎರಡು ಸ್ವರ ಕೆಳಗೇ ಬಿಟ್ಟು ರಾತ್ರಿ ಇಡಿ. ಹನ್ನೆರಡನೇ ಫ್ರೆಟ್ ಹತ್ತಿರ ತಂತಿಗೂ ಪಟ್ಟಿಗೂ ನಡುವೆ ಎಷ್ಟು ಸಂದಿ ಇತ್ತು ಅಂತ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಎದ್ದು ಮತ್ತೆ ಅಳೆಯಿರಿ. ಅಷ್ಟೇ ಇದ್ದರೆ ಮೇಲಕ್ಕೆ ಏರಿಸಿ. ಸಂದಿ ಹೆಚ್ಚಾಗಿದ್ದರೆ ತಂತಿ ಸಡಿಲ ಮಾಡಿ, ಯಾರಾದರೂ ರಿಪೇರಿಯವರಿಗೆ ತೋರಿಸಿ.